ಕೆರಟೋಕೋನಸ್ ಅನ್ನೋ ಕಣ್ಣಿನ ಕಾಯಿಲೆ ಇದ್ದೋರು ಲೆನ್ಸ್ ಹಾಕ್ಕೊಳ್ಳೋದು ಕಲಿಯೋದು ಹೇಗೆ

ಮೊದಲನೇ ಕೆಲಸ, ಗೋಡೆ ಮೇಲಿರೋ ಕನ್ನಡಿ ತೆಗೆದು ಮೇಜಿನ ಮೇಲೆ ಮಲಗಿಸಿ. ಬಚ್ಚಲು ಮನೇಲಿ ಸಿಂಕ್ ಮುಂದೆ ನಿಂತ್ಕೊಂಡು ಗೋಡೆ ಕನ್ನಡಿ ನೋಡ್ಕೊಂಡು ಲೆನ್ಸ್ ಹಾಕೋಕೆ ಹೋದ್ರೆ ಎರಡು ತೊಂದ್ರೆ, ಲೆನ್ಸ್ ಬಿದ್ರೆ ಸೀದಾ ಪೈಪೊಳಗೆ ಹೋಗ್ತದೆ, ಪಕ್ಕದಲ್ಲೇ ನಲ್ಲಿ ಇರೋದ್ರಿಂದ ಲೆನ್ಸಿಗೆ ನೀರು ತಾಗೇ ತಾಗ್ತದೆ. ನಲ್ಲಿ ನೀರು ಯಾಕೆ ತಾಗಬಾರದು ಅಂತ ಮುಂದೆ ಬಿಡಿಸಿ ಹೇಳ್ತೀನಿ, ಸದ್ಯಕ್ಕೆ ಊಟದ ಮೇಜೋ ಓದೋ ಮೇಜೋ ಯಾವುದಾದ್ರೂ ಸರಿ, ಮೇಲೊಂದು ದಾರ ಬಿಡದ ಬಿಳಿ ಟವೆಲ್ ಹಾಸಿ, ಮಧ್ಯದಲ್ಲಿ ಕನ್ನಡಿ ಮಲಗಿಸಿ, ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ.

ಇದನ್ನ ಬರೀತಾ ಇರೋದಕ್ಕೆ ಕಾರಣ ಉಂಟು. ಹೋದ ತಿಂಗಳು ನಮ್ಮ ಕೊಡಗಿನ ಮಾದಾಪುರ ಕಡೆ ಪರಿಚಯದವರ ಮಗ, ಸೆಕೆಂಡ್ ಪಿಯುಸಿ ಹುಡುಗ, ಲೆನ್ಸ್ ತಂದು 4 ದಿನಕ್ಕೇ ಡಬ್ಬ ಬೀರುವಿನಲ್ಲಿ ಇಟ್ಬಿಟ್ಟಿದ್ದ. ‘ಆಗಲ್ಲ ಅಣ್ಣ, ಕೈ ಹತ್ರ ಬಂದ ಕೂಡ್ಲೇ ಕಣ್ಣು ತಾನಾಗೇ ಮುಚ್ಚಿ ಹೋಗ್ತದೆ’ ಅಂದ. ಅವನ ಅಮ್ಮ ಬಾಗಿಲ ಹತ್ರ ನಿಂತು ಸೆರಗಲ್ಲಿ ಮುಖ ಒರೆಸ್ತಾ ಇದ್ರು, ಆ ಲೆನ್ಸಿಗೆ ಅವರು ಈ ವರ್ಷದ ಮೆಣಸು ಮಾರಿದ ದುಡ್ಡು ಹಾಕಿದ್ರು. ನಾನು ಸುಂಟಿಕೊಪ್ಪ ಹತ್ರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು, 8 ವರ್ಷದಿಂದ ಎರಡೂ ಕಣ್ಣಿಗೆ ಲೆನ್ಸ್ ಹಾಕ್ತಾ ಇದ್ದೀನಿ, ಚೆಕ್‌ರೋಲ್‌ನಲ್ಲಿ, ಅಂದ್ರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಒಂದು ಹೆಸರು ಮೂರು ಹೆಸರಾಗಿ ಕಾಣ್ತಾ ಇದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಆ ಹುಡುಗನ ಕಣ್ಣಲ್ಲಿ ಏನೂ ತಪ್ಪಿರಲಿಲ್ಲ, ಅವನಿಗೆ ರೆಪ್ಪೆ ಹಿಡಿಯೋದು ಯಾರೂ ಸರಿಯಾಗಿ ಹೇಳ್ಕೊಟ್ಟಿರಲಿಲ್ಲ ಅಷ್ಟೇ. ಲೆನ್ಸ್ ಹಾಕೋದು ಅಂದ್ರೆ ಮುಕ್ಕಾಲು ಪಾಲು ರೆಪ್ಪೆ ಹಿಡಿಯೋ ಕೆಲಸ.

ಕಾಯಿಲೆ ಬಗ್ಗೆ ಎರಡೇ ಮಾತು. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ ಇರ್ತದೆ, ಕೆರಟೋಕೋನಸ್‌ನಲ್ಲಿ ಅದು ತೆಳ್ಳಗಾಗಿ ಮುಂದಕ್ಕೆ ಶಂಕುವಿನ ಹಾಗೆ ಉಬ್ಬಿ ಬರ್ತದೆ, ಹೆಚ್ಚಾಗಿ ಹದಿಹರೆಯದಲ್ಲೇ ಶುರು. ಮೇಲ್ಮೈ ಏರುಪೇರಾಗಿ ಹೋಗಿರೋದ್ರಿಂದ ಕನ್ನಡಕದ ನಂಬರ್ ಎಷ್ಟು ಬದಲಾಯಿಸಿದ್ರೂ ಪೂರ್ತಿ ಸರಿ ಹೋಗಲ್ಲ. ಗಟ್ಟಿ ಲೆನ್ಸ್ ಆದ್ರೆ ಅದರ ಅಡಿಯಲ್ಲಿ ಕಣ್ಣೀರೋ ಸಲೈನೋ (ಕ್ರಿಮಿ ಇಲ್ಲದ ಉಪ್ಪುನೀರಿನ ದ್ರಾವಣ) ತುಂಬ್ಕೊಂಡು ಏರುಪೇರನ್ನ ಮುಚ್ಚಿ ಹಾಕ್ತದೆ, ಬೆಳಕಿಗೆ ನುಣುಪಾದ ಹೊಸ ಮೇಲ್ಮೈ ಸಿಕ್ಕಿದ ಹಾಗೆ. ಆದ್ರೆ ಲೆನ್ಸ್ ಹಾಕಿದ್ರೆ ಕಾಯಿಲೆ ನಿಲ್ಲಲ್ಲ, ಅದು ಮುಂದುವರಿತಾ ಇದ್ರೆ ನಿಲ್ಲಿಸೋಕೆ ಕ್ರಾಸ್‌ಲಿಂಕಿಂಗ್ ಅಂತ ಬೇರೆ ಚಿಕಿತ್ಸೆ ಇದೆ, ರೈಬೋಫ್ಲಾವಿನ್ ಅನ್ನೋ ವಿಟಮಿನ್ ಬಿ2 ಹನಿ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಡ್ತಾರೆ. ನನಗೂ ಅದನ್ನ ಮಾಡಿದ ಮೇಲೇ ಲೆನ್ಸ್ ಕೊಟ್ರು. ಮತ್ತೆ ಕಣ್ಣು ಉಜ್ಜೋದು ಇವತ್ತಿಂದಲೇ ಬಂದ್, ಉಜ್ಜಿದಷ್ಟೂ ಕಾಯಿಲೆ ಜೋರಾಗೋ ಸಾಧ್ಯತೆ ಜಾಸ್ತಿ.

ನಿಮ್ಮ ಹತ್ರ ಇರೋ ಲೆನ್ಸ್ ಯಾವುದು ಅಂತ ತಿಳ್ಕೊಂಡು ಶುರು ಮಾಡಿ. ಚಿಕ್ಕದು, ಹೆಚ್ಚುಕಮ್ಮಿ 9-10 ಮಿಲಿಮೀಟರ್ ಅಗಲ, ಕರಿಗುಡ್ಡೆ ಮೇಲೇ ಕೂರೋದು ಆದ್ರೆ ಅದು ಆರ್‌ಜಿಪಿ, ಅಂದ್ರೆ ಗಾಳಿ ಒಳಗೆ ಬಿಡೋ ಗಟ್ಟಿ ಲೆನ್ಸ್. ದೊಡ್ಡದು, 15 ಮಿಲಿಮೀಟರ್ ಆಸುಪಾಸು ಅಥವಾ ಅದಕ್ಕೂ ದೊಡ್ಡದು, ಬಟ್ಟಲಿನ ಹಾಗೆ ಆಳ ಇದ್ದು ಬಿಳಿಗುಡ್ಡೆ ಮೇಲೆ ಕೂರೋದು ಸ್ಕ್ಲೆರಲ್. ಹಾಕೋ ರೀತಿ ಎರಡಕ್ಕೂ ಬೇರೆ, ರೆಪ್ಪೆ ಹಿಡಿಯೋದು ಮಾತ್ರ ಎರಡಕ್ಕೂ ಒಂದೇ.

ಕಣ್ಣಿಗೆ ಲೆನ್ಸ್ ಹಾಕೋ ಮೊದಲು 3 ದಿನ ರೆಪ್ಪೆ ಅಭ್ಯಾಸ

ಆ ಹುಡುಗನಿಗೆ ನಾನು ಮೊದಲು ಹೇಳಿದ್ದು, ಡಬ್ಬ ತೆಗೀಬೇಡ ಅಂತ. ಉಗುರು ಕತ್ತರಿಸಿ, ಕೈ ತೊಳೆದು, ಕನ್ನಡಿ ಮೇಲೆ ಬಗ್ಗಿ. ಎಡಗೈಯನ್ನ ಹಣೆ ಮೇಲಿಂದ ತನ್ನಿ, ತೋರು ಬೆರಳಿನ ತುದಿಯನ್ನ ಮೇಲಿನ ರೆಪ್ಪೆ ಕೂದಲು ಹುಟ್ಟೋ ಜಾಗಕ್ಕೇ ಇಟ್ಟು, ಕೂದಲ ಸಮೇತ ಹುಬ್ಬಿನ ಮೂಳೆಗೆ ಒತ್ತಿ ಹಿಡೀರಿ. ಬಲಗೈ ನಡು ಬೆರಳಿಂದ ಕೆಳಗಿನ ರೆಪ್ಪೆಯನ್ನ ಅದೇ ಥರ ಅಂಚಲ್ಲೇ ಹಿಡಿದು ಕೆನ್ನೆ ಮೂಳೆ ಕಡೆ ಎಳೀರಿ. ಹೆಚ್ಚಿನವರು ತಪ್ಪೋದು ಇಲ್ಲೇ, ರೆಪ್ಪೆಯ ಮಧ್ಯದ ಚರ್ಮವನ್ನ ಹಿಡೀತಾರೆ, ಚರ್ಮ ಜಾರ್ತದೆ, ರೆಪ್ಪೆ ಅಂಚು ಸಡಿಲ ಇರೋದ್ರಿಂದ ಪಟ್ ಅಂತ ಮುಚ್ಕೊಳ್ತದೆ. ಅಂಚಲ್ಲಿ ಹಿಡಿದು ಮೂಳೆಗೆ ಒತ್ತಿದ್ರೆ ಕಣ್ಣು ಎಷ್ಟು ಮಿಟುಕಿಸೋಕೆ ನೋಡಿದ್ರೂ ಮುಚ್ಚೋಕಾಗಲ್ಲ. ಬೆರಳು ಒದ್ದೆ ಇದ್ರೂ ಜಾರ್ತದೆ, ಅದಕ್ಕೆ ರೆಪ್ಪೆ ಹಿಡಿಯೋ ಬೆರಳು ಪೂರ್ತಿ ಒಣಗಿರ್ಬೇಕು.

ಹಾಗೇ ಹಿಡ್ಕೊಂಡು 20 ಎಣಿಸಿ. ಬಿಡಿ. ಮತ್ತೆ ಎಣಿಸಿ. ಎರಡನೇ ದಿನ ತೋರು ಬೆರಳಿನ ತುದಿಗೆ ಒಂದು ಹನಿ ಸಲೈನ್ ಹಾಕ್ಕೊಂಡು, ಆ ಹನಿಯನ್ನ ಕಣ್ಣಿಗೆ ತಾಗಿಸಿ, ಬೆರಳು ತಾಗೋದು ಬೇಡ, ಹನಿ ಮಾತ್ರ. ಕಣ್ಣು ಮೊದಲು ಹೆದರ್ತದೆ, ಹತ್ತು ಸಲ ಆದ್ಮೇಲೆ ಹೆದರೋದು ಬಿಡ್ತದೆ. ಸ್ಕ್ಲೆರಲ್ ಇರೋರು ಪ್ಲಂಜರ್ ಮೇಲೆ ಲೆನ್ಸ್ ಇಟ್ಟು ಸಲೈನ್ ತುಂಬಿಸಿ, ಚೆಲ್ಲದ ಹಾಗೆ ಮೇಜಿಂದ ಮುಖದ ಹತ್ರಕ್ಕೆ ತರೋದನ್ನೂ ಅಭ್ಯಾಸ ಮಾಡಿ, ಕಣ್ಣಿಗೆ ಹಾಕೋದೇ ಬೇಡ. ಪ್ಲಂಜರ್ ಅಂದ್ರೆ ಆ ರಬ್ಬರ್ ಕಪ್ಪಿನ ಕಡ್ಡಿ, ಕೆಲವು ಕಡೆ ಸಕ್ಕರ್ ಅಂತಾನೂ ಅಂತಾರೆ.

ಕೈ ಮತ್ತು ನೀರು

ಬಣ್ಣ ವಾಸನೆ ಎಣ್ಣೆ ಇಲ್ಲದ ಸಾದಾ ಸೋಪಲ್ಲಿ ಕೈ ತೊಳೀರಿ, ಮಾಯಿಶ್ಚರೈಸರ್ ಇರೋ ಸೋಪು ಲೆನ್ಸ್ ಮೇಲೆ ಜಿಡ್ಡು ಬಿಡ್ತದೆ. ಆಮೇಲೆ ಪೂರ್ತಿ ಒರೆಸಿ, ಕೈಯಲ್ಲಿ ಒಂದು ಹನಿ ನೀರೂ ಇರಬಾರದು.

ನೀರಿನ ಬಗ್ಗೆ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ, ಬೇಜಾರಾಗ್ಬೇಡಿ. ನಮ್ಮ ಕಡೆ ಬಾವಿ ನೀರು, ತೋಡಿನ ನೀರು, ಬೆಟ್ಟದಿಂದ ಪೈಪಲ್ಲಿ ಬರೋ ನೀರು ಎಲ್ಲಾ ಕುಡಿಯೋಕೆ ಅಮೃತದ ಹಾಗೆ ಇರ್ತದೆ, ಅದಕ್ಕೇ ಜನಕ್ಕೆ ನಂಬೋಕೆ ಆಗಲ್ಲ, ಇಷ್ಟು ಒಳ್ಳೆ ನೀರಲ್ಲಿ ಲೆನ್ಸ್ ತೊಳೆದ್ರೆ ಏನಾಗ್ತದೆ ಅಂತಾರೆ. ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣದ ಜೀವಿ ಮಣ್ಣಲ್ಲಿ, ಬಾವೀಲಿ, ಹೊಳೇಲಿ, ಟ್ಯಾಂಕಲ್ಲಿ, ನಲ್ಲಿ ನೀರಲ್ಲಿ ಎಲ್ಲಾ ಕಡೆ ಇರ್ತದೆ. ಹೊಟ್ಟೆಗೆ ಹೋದ್ರೆ ಏನೂ ಮಾಡಲ್ಲ. ಲೆನ್ಸ್ ಅಡಿ ಸೇರ್ಕೊಂಡ್ರೆ ಕಾರ್ನಿಯಾ ತಿಂದು ಹಾಕ್ತದೆ, ತುಂಬಾ ನೋವು, ಚಿಕಿತ್ಸೆ ತಿಂಗಳುಗಟ್ಟಲೆ, ದೃಷ್ಟಿ ಹೋಗೋದೂ ಉಂಟು. ನಮ್ಮದು ಮೊದಲೇ ತೆಳ್ಳಗಾದ ಕಾರ್ನಿಯಾ. ಹಾಗಾಗಿ ಫಿಲ್ಟರ್ ನೀರು ಬೇಡ, ಕುದಿಸಿ ಆರಿಸಿದ ನೀರು ಬೇಡ, ಎಂಜಲು ಅಂತೂ ಬೇಡವೇ ಬೇಡ. ಲೆನ್ಸ್, ಡಬ್ಬ, ಪ್ಲಂಜರ್ ಮೂರಕ್ಕೂ ಡಾಕ್ಟರ್ ಹೇಳಿದ ದ್ರಾವಣ ಮಾತ್ರ. ಲೆನ್ಸ್ ಹಾಕ್ಕೊಂಡು ಸ್ನಾನ ಇಲ್ಲ, ಈಜು ಇಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋರು ತೀರ್ಥಸ್ನಾನಕ್ಕೆ ಇಳಿಯೋ ಮೊದಲು ಲೆನ್ಸ್ ತೆಗೆದು ಡಬ್ಬಕ್ಕೆ ಹಾಕಿ, ಮೈ ಕೈ ಮುಖ ಎಲ್ಲಾ ಒರೆಸಿ ಒಣಗಿದ ಮೇಲೆ ಹಾಕ್ಕೊಳ್ಳಿ.

ಆರ್‌ಜಿಪಿ ಹಾಕೋದು

ಯಾವಾಗ್ಲೂ ಒಂದೇ ಕಣ್ಣಿಂದ ಶುರು ಮಾಡಿ, ನಾನು ಬಲದಿಂದ, ಆಗ ಎಡ ಬಲ ಅದಲು ಬದಲು ಆಗಲ್ಲ. ಲೆನ್ಸ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಅಂಚಲ್ಲಿ ಚಕ್ಕೆ ಎದ್ದಿದ್ರೆ ಅಥವಾ ಬಿರುಕಿದ್ರೆ ಹಾಕಲೇಬೇಡಿ. ತೋರು ಬೆರಳ ತುದಿಗೆ ಬಟ್ಟಲು ಮೇಲ್ಮುಖ ಆಗೋ ಹಾಗೆ ಇಟ್ಟು ಒಂದೆರಡು ಹನಿ ಕಂಡೀಷನಿಂಗ್ ದ್ರಾವಣ ಹಾಕಿ. ಬೆರಳು ಒದ್ದೆ ಇದ್ರೆ ಲೆನ್ಸ್ ಬೆರಳಿಗೇ ಅಂಟ್ಕೊಂಡು ಕಣ್ಣಿಗೆ ಹೋಗಲ್ಲ, ಲೆನ್ಸ್ ಒದ್ದೆ ಬೆರಳು ಒಣ ಅಂತ ನೆನಪಿಟ್ಕೊಳ್ಳಿ.

ಮೇಲೆ ಹೇಳಿದ ಹಾಗೆ ರೆಪ್ಪೆ ಹಿಡಿದು, ಕನ್ನಡೀಲಿ ಕಾಣೋ ನಿಮ್ಮ ಕರಿಗುಡ್ಡೆಯನ್ನೇ ನೋಡ್ತಾ, ಲೆನ್ಸನ್ನ ಮೆಲ್ಲಗೆ ತಂದು ತಾಗಿಸಿ. ಒತ್ತೋದು ಏನೂ ಬೇಡ, ಒದ್ದೆ ಲೆನ್ಸನ್ನ ಕಣ್ಣೇ ಎಳ್ಕೊಳ್ತದೆ. ತಾಗಿದ ಕೂಡ್ಲೇ ಎರಡೂ ರೆಪ್ಪೆ ಬಿಟ್ಬಿಟ್ರೆ ಮಿಟುಕೋ ರಭಸಕ್ಕೆ ಲೆನ್ಸ್ ಹಾರಿ ಹೋಗ್ತದೆ, ಅದಕ್ಕೆ ಮೊದಲು ಕೆಳಗಿನ ರೆಪ್ಪೆ ಬಿಡಿ, ಒಂದು ಉಸಿರು ಆದ್ಮೇಲೆ ಮೇಲಿನದು. ಕೆಳಗೇ ನೋಡ್ತಾ ಇರಿ. ಏನೋ ಕಸ ಬಿದ್ದ ಹಾಗೆ ಅನ್ನಿಸ್ತದೆ, ಕಣ್ಣೀರು ಸುರೀತದೆ, ಮೊದಲ ವಾರ ಅದು ಇದ್ದದ್ದೇ. ಆದ್ರೆ ಚುಚ್ಚಿದ ಹಾಗೆ ನೋವಾದ್ರೆ ಅಡಿಯಲ್ಲಿ ಧೂಳೋ ರೆಪ್ಪೆ ಕೂದಲೋ ಇದೆ ಅಂತ, ತೆಗೆದು ದ್ರಾವಣದಲ್ಲಿ ತೊಳೆದು ಮತ್ತೆ ಹಾಕಿ.

ಲೆನ್ಸ್ ಕರಿಗುಡ್ಡೆಯಿಂದ ಜಾರಿ ಬಿಳಿ ಮೇಲೆ ಹೋಗೋದೂ ಉಂಟು, ಆಗ ಗಾಬರಿ ಬೇಡ, ಕಣ್ಣಿನ ಹಿಂದಕ್ಕೆ ಹೋಗೋಕೆ ದಾರಿನೇ ಇಲ್ಲ, ರೆಪ್ಪೆ ಒಳಪದರ ಅಲ್ಲಿ ಮಡಚ್ಕೊಂಡು ಮುಚ್ಚಿರ್ತದೆ. ಎರಡು ಹನಿ ಲೂಬ್ರಿಕೆಂಟ್ ಹಾಕಿ, ಲೆನ್ಸ್ ಇರೋ ಕಡೆಗೆ ವಿರುದ್ಧ ದಿಕ್ಕಲ್ಲಿ ನೋಡಿ ಅದು ಎಲ್ಲಿದೆ ಅಂತ ಹುಡುಕಿ, ರೆಪ್ಪೆ ಅಂಚಿಂದ ಮೆಲ್ಲಗೆ ತಳ್ಳಿ ಮಧ್ಯಕ್ಕೆ ತನ್ನಿ.

ಸ್ಕ್ಲೆರಲ್ ಹಾಕೋದು

ಇದಕ್ಕೆ ತಾಳ್ಮೆ ಜಾಸ್ತಿ ಬೇಕು, ಆದ್ರೆ ಒಂದ್ಸಲ ಕೂತ್ರೆ ಆರ್‌ಜಿಪಿ ಹಾಗೆ ಚುಚ್ಚಲ್ಲ, ಕಾರ್ನಿಯಾಗೆ ತಾಗದೆ ಸಲೈನ್ ಮೇಲೆ ತೇಲಿದ ಹಾಗೆ ಇರ್ತದೆ. ಹಾಕೋ ಪ್ಲಂಜರ್ ಬೇರೆ, ತೆಗೆಯೋ ಪ್ಲಂಜರ್ ಬೇರೆ, ಹಾಕೋದು ಅಗಲ ಕಪ್ಪಿನದು. ಕಪ್ಪಿನ ಮಧ್ಯಕ್ಕೆ ಲೆನ್ಸ್ ಕೂರಿಸಿ ಪ್ರಿಸರ್ವೇಟಿವ್ (ಕೆಡದ ಹಾಗೆ ಹಾಕೋ ರಾಸಾಯನಿಕ) ಇಲ್ಲದ ಸಲೈನ್ ತುಂಬಿಸಿ, ಅಂಚಿನ ತನಕ ಅಲ್ಲ, ಅಂಚಿಗಿಂತ ಮೇಲೆ ಗುಮ್ಮಟದ ಹಾಗೆ ಉಬ್ಬಿ ನಿಲ್ಲಬೇಕು, ಇನ್ನೊಂದು ಹನಿ ಹಾಕಿದ್ರೆ ಚೆಲ್ತದೆ ಅನ್ನೋ ಹಂತಕ್ಕೆ. ಸಾಮಾನ್ಯ ಮಲ್ಟಿಪರ್ಪಸ್ ದ್ರಾವಣ ತುಂಬಿಸ್ಬೇಡಿ, ಅದರಲ್ಲಿರೋ ಪ್ರಿಸರ್ವೇಟಿವ್ ದಿನವಿಡೀ ಕಾರ್ನಿಯಾ ಮೇಲೇ ನಿಂತಿರ್ತದೆ. ಸಲೈನಿನ ಸಣ್ಣ ವೈಲ್, ಅಂದ್ರೆ ಪುಟ್ಟ ಬಾಟಲಿ, ತೆರೆದ್ರೆ ಉಳಿದದ್ದು ನಾಳೆಗೆ ಇಡ್ಬೇಡಿ.

ಈಗ ಮುಖ ನೆಲಕ್ಕೆ ಸಮ ಆಗ್ಬೇಕು, ಗದ್ದ ಎದೆಗೆ ತಾಗೋ ಹಾಗೆ ಪೂರ್ತಿ ಬಗ್ಗಿ, ಮೂಗು ಕನ್ನಡಿ ಕಡೆ. ಸ್ವಲ್ಪ ಓರೆ ಇದ್ರೂ ಸಲೈನ್ ಒಂದು ಕಡೆ ಹರಿದು ಗುಳ್ಳೆ ಸೇರ್ಕೊಳ್ತದೆ. ಒಂದು ಕೈಯಿಂದ, ಹೆಬ್ಬೆರಳು ಕೆಳಗೆ ತೋರು ಬೆರಳು ಮೇಲೆ, ಎರಡೂ ರೆಪ್ಪೆ ಅಗಲಿಸಿ ಹಿಡೀರಿ, ಲೆನ್ಸ್ ದೊಡ್ಡದು, ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಅಗಲಿಸ್ಬೇಕು. ಇನ್ನೊಂದು ಕೈಯಿಂದ ಪ್ಲಂಜರ್ ನೇರ ಕೆಳಗಿಂದ ಮೇಲಕ್ಕೆ ತನ್ನಿ. ನಮ್ಮಂಥವರಿಗೆ ಇಲ್ಲಿ ಒಂದು ವಿಶೇಷ ಕಷ್ಟ, ಲೆನ್ಸ್ ಇಲ್ಲದೆ ಕನ್ನಡೀಲಿರೋ ಲೆನ್ಸೇ ಕಾಣಲ್ಲ, ಎಲ್ಲಾ ಮಬ್ಬು. ಅದಕ್ಕೆ ಪ್ಲಂಜರ್ ಮಧ್ಯದ ತೂತನ್ನ ಗುರಿ ಇಟ್ಕೊಳ್ಳಿ, ಅಡಿಯಲ್ಲಿ ಒಂದು ಸಣ್ಣ ಟಾರ್ಚ್ ಮೇಲ್ಮುಖ ಇಟ್ರೆ ಆ ತೂತಲ್ಲಿ ಬೆಳಕಿನ ಚುಕ್ಕೆ ಕಾಣ್ತದೆ, ಆ ಚುಕ್ಕೆ ಮಧ್ಯಕ್ಕೆ ಬರೋ ತನಕ ಕೈ ಸರಿ ಮಾಡ್ತಾ ಅದನ್ನೇ ನೋಡ್ತಾ ಇರಿ. ಸಲೈನ್ ತಣ್ಣಗೆ ತಾಗ್ತದೆ, ಕಣ್ಣು ಹಿಂದೆ ಸರಿಯೋಕೆ ನೋಡ್ತದೆ, ಅದೇ ಕ್ಷಣದಲ್ಲಿ ನಿಲ್ಲಿಸದೆ ಇನ್ನೊಂದು ಚೂರು ಮೇಲೆ ತನ್ನಿ, ಸಲೈನ್ ಟಪಟಪ ಅಂತ ಟವೆಲ್ ಮೇಲೆ ಚೆಲ್ಲಬೇಕು, ಚೆಲ್ಲಿದ್ರೆ ಸರಿಯಾಗಿ ಕೂತಿದೆ ಅಂತ. ಮೊದಲು ರೆಪ್ಪೆಗಳನ್ನ ಲೆನ್ಸ್ ಮೇಲೆ ಬಿಡಿ, ಆಮೇಲೆ ಪ್ಲಂಜರ್ ಹಿಂಡಿ ಬಿಡಿಸ್ಕೊಳ್ಳಿ.

ತಲೆ ಎತ್ತಿ ಕನ್ನಡೀಲಿ ಗುಳ್ಳೆ ನೋಡಿ, ಅಥವಾ ಮನೇವರಿಗೆ ಟಾರ್ಚ್ ಬಿಟ್ಟು ನೋಡೋಕೆ ಹೇಳಿ. ಕರಿಗುಡ್ಡೆ ಮುಂದೆ ಬೆಳ್ಳಗೆ ಗುಂಡಗೆ ಓಡಾಡ್ತಾ ಇದ್ರೆ ಅದು ಗುಳ್ಳೆ, ಚಿಕ್ಕದಾದ್ರೂ ತೆಗೆದು ಮತ್ತೆ ತುಂಬಿಸಿ ಹಾಕಿ, ಗುಳ್ಳೆ ಇರೋ ಜಾಗ ಒಣಗಿ ಸಂಜೆಗೆ ಉರಿ ಶುರು ಆಗ್ತದೆ.

ಡಿಸೆಂಬರ್ ಜನವರಿ ಬೆಳಿಗ್ಗೆ, ಕೊಯ್ಲಿಗೆ ಹೊರಡೋ ಹೊತ್ತಿಗೆ, ನಮ್ಮ ಮನೇಲಿ ಸಲೈನ್ ಮಂಜಿನ ಹಾಗೆ ತಣ್ಣಗಿರ್ತದೆ, ಆ ತಣ್ಣಗೆ ತಾಗಿದ್ರೆ ಎಂಥ ಅಭ್ಯಾಸ ಇದ್ರೂ ರೆಪ್ಪೆ ಜಗ್ತದೆ. ಮುಚ್ಚಿದ ವೈಲನ್ನ ಐದು ನಿಮಿಷ ಮುಷ್ಟಿಯಲ್ಲಿ ಹಿಡ್ಕೊಂಡಿರಿ, ಅಷ್ಟು ಸಾಕು, ಒಲೆ ಹತ್ರ ಇಡೋದು ಬಿಸಿನೀರಲ್ಲಿ ಅದ್ದೋದು ಮಾಡ್ಬೇಡಿ.

ತೆಗೆಯೋದು

ಹಾಕೋದಕ್ಕಿಂತ ತೆಗೆಯೋದಕ್ಕೆ ಹೆದರೋರು ಜಾಸ್ತಿ, ಅದಕ್ಕೆ ಆಸ್ಪತ್ರೇಲೇ ಎರಡು ಮೂರು ಸಲ ತೆಗೆದು ತೋರಿಸಿದ ಮೇಲೇ ಮನೆಗೆ ಹೊರಡಿ. ಆರ್‌ಜಿಪಿ ಆದ್ರೆ ಟವೆಲ್ ಮೇಲೆ ಬಗ್ಗಿ, ಕಣ್ಣು ದೊಡ್ಡದು ಮಾಡಿ, ಹೊರಗಿನ ಮೂಲೆಗೆ ಬೆರಳಿಟ್ಟು ಕಿವಿ ಕಡೆ ಎಳೆದು ಗಟ್ಟಿಯಾಗಿ ಮಿಟುಕಿಸಿ, ಇನ್ನೊಂದು ಅಂಗೈ ಕೆಳಗೆ ಹಿಡಿದಿರಿ, ಬೀಳ್ತದೆ. ಸ್ಕ್ಲೆರಲ್ ಆದ್ರೆ ಮೊದಲು ಒಂದೆರಡು ಹನಿ ಸಲೈನ್ ಹಾಕಿ, ಕೆಳಗಿನ ರೆಪ್ಪೆ ಮೂಲಕ ಲೆನ್ಸ್ ಪಕ್ಕದ ಬಿಳಿಗುಡ್ಡೆಯನ್ನ ಮೆಲ್ಲಗೆ ಒತ್ತಿ, ಹಿಡಿತ ಸಡಿಲ ಆಗ್ತದೆ. ಆಮೇಲೆ ತೆಗೆಯೋ ಪ್ಲಂಜರನ್ನ ಸಲೈನಲ್ಲಿ ಒದ್ದೆ ಮಾಡಿ, ಲೆನ್ಸಿನ ಮಧ್ಯಕ್ಕೆ ಅಲ್ಲ, ಕೆಳಗಿನ ಅಂಚಿನ ಹತ್ರ ಅಂಟಿಸಿ ಮೇಲಕ್ಕೂ ಹೊರಕ್ಕೂ ಎತ್ತಿ. ಮಧ್ಯಕ್ಕೆ ಅಂಟಿಸಿ ಎಳೆದ್ರೆ ಇಡೀ ಕಣ್ಣನ್ನೇ ಎಳೆದ ಹಾಗೆ ಆಗ್ತದೆ. ಇನ್ನೂ ಮುಖ್ಯ, ಲೆನ್ಸ್ ಕಣ್ಣಲ್ಲಿದೆ ಅಂತ ಖಾತ್ರಿ ಮಾಡ್ಕೊಳ್ಳದೆ ಪ್ಲಂಜರ್ ಹಚ್ಚಬಾರದು, ಲೆನ್ಸ್ ಮೊದಲೇ ಬಿದ್ದು ಹೋಗಿದ್ರೆ ಬರೀ ಕಾರ್ನಿಯಾಗೆ ಅಂಟಿ ಗಾಯ ಆಗ್ತದೆ.

ತೆಗೆಯೋ ಮೊದಲು ಏನು ಅಡುಗೆ ಮಾಡಿದ್ರಿ ಅಂತ ನೆನಪು ಮಾಡ್ಕೊಳ್ಳಿ. ಒಂದ್ಸಲ ಪುತ್ತರಿ ಟೈಮಲ್ಲಿ ಮನೇಲಿ ಪಂದಿಕರಿಗೆ ಗಾಂಧಾರಿ ಮೆಣಸು ಜಜ್ಜಿ ಕೊಟ್ಟು, ರಾತ್ರಿ ಸೋಪಲ್ಲಿ ಎರಡು ಸಲ ಕೈ ತೊಳೆದೇ ಲೆನ್ಸ್ ತೆಗೆಯೋಕೆ ಹೋದೆ, ಬೆರಳು ರೆಪ್ಪೆಗೆ ತಾಗಿದ ಕೂಡ್ಲೇ ಬೆಂಕಿ ಇಟ್ಟ ಹಾಗೆ ಆಯ್ತು, ಲೆನ್ಸ್ ಒಳಗೇ ಇದೆ, ಕಣ್ಣು ಬಿಡೋಕಾಗ್ತಿಲ್ಲ, ಕೊನೆಗೆ ಅಕ್ಕ ಬಂದು ತೆಗೆದು ಸಲೈನ್ ಸುರಿದ್ರು. ಖಾರ ಸೋಪಿಗೆ ಸುಲಭಕ್ಕೆ ಹೋಗಲ್ಲ. ಮೆಣಸಿನ ಕೆಲಸ ಇದ್ರೆ ಗ್ಲೌಸ್ ಹಾಕಿ, ಮತ್ತೆ ಮನೇಲಿ ಇನ್ನೊಬ್ಬರಿಗೆ ಲೆನ್ಸ್ ತೆಗೆಯೋದು ಕಲಿಸಿಡಿ.

ತೆಗೆದ ಲೆನ್ಸನ್ನ ಡಾಕ್ಟರ್ ಕೊಟ್ಟ ಕ್ಲೀನರಲ್ಲಿ ಅಂಗೈ ಮೇಲೆ ಉಜ್ಜಿ, ದ್ರಾವಣದಲ್ಲಿ ಜಾಲಿಸಿ, ಹೊಸ ದ್ರಾವಣದಲ್ಲಿ ನೆನೆಸಿ, ನಿನ್ನೆದಕ್ಕೆ ಇವತ್ತಿಂದು ಸೇರಿಸ್ಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಕೊಟ್ಟಿದ್ರೆ ಅದರದ್ದೇ ಡಬ್ಬದಲ್ಲಿ ಅದರ ಚೀಟೀಲಿ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ, ಇಡಲೇಬೇಕು, ಅವಸರಕ್ಕೆ ಮಧ್ಯದಲ್ಲಿ ತೆಗೆದು ಹಾಕಿದ್ರೆ ಕಣ್ಣು ಸುಟ್ಟ ಹಾಗಾಗ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆಗೇ ಬೂಷ್ಟು ಹಿಡೀತದೆ, ಇನ್ನು ಡಬ್ಬದ ಕತೆ ಕೇಳ್ಬೇಕಾ, ದಿನಾ ಬೆಳಿಗ್ಗೆ ದ್ರಾವಣ ಚೆಲ್ಲಿ, ಹೊಸ ಟಿಶ್ಯೂಲಿ ಒರೆಸಿ ಕವುಚಿ ಹಾಕಿ, ಬಚ್ಚಲಲ್ಲಿ ಇಡ್ಬೇಡಿ, ತಿಂಗಳಿಗೋ ಹೆಚ್ಚಂದ್ರೆ 3 ತಿಂಗಳಿಗೋ ಡಬ್ಬ ಬದಲಾಯಿಸಿ. ಜೂನ್ ಜುಲೈನಲ್ಲಿ ಕರೆಂಟ್ ನಂಬೋ ಹಾಗಿಲ್ಲ, ತಲೆಗೆ ಕಟ್ಟೋ ಟಾರ್ಚ್ ಒಂದು ಮೇಜಿನ ಡ್ರಾಯರಲ್ಲೇ ಇರ್ಲಿ.

ತೋಟದ ಕೆಲಸ ಇದ್ರೆ

ಮರಕಪಾತು (ನೆರಳಿನ ಮರದ ಕೊಂಬೆ ಕಡಿಯೋದು), ಕಳೆ ಮಿಷಿನ್, ಕಣದಲ್ಲಿ ಕಾಫಿ ಕೆದಕೋ ಧೂಳು, ಬೋರ್ಡೋ ಸ್ಪ್ರೇ (ಮೈಲುತುತ್ತ ಸುಣ್ಣದ ದ್ರಾವಣ), ಇವಕ್ಕೆಲ್ಲಾ ಲೆನ್ಸ್ ಮೇಲೆ ಪಕ್ಕ ಮುಚ್ಚಿದ ಗಾಗಲ್ಸ್ ಬೇಕು. ಸ್ಪ್ರೇ ಕಣ್ಣಿಗೆ ಹಾರಿದ್ರೆ ಮಾತ್ರ ನೀರಿನ ನಿಯಮ ಎಲ್ಲಾ ಬಿಟ್ಟು ತಕ್ಷಣ ಶುದ್ಧ ನೀರಲ್ಲಿ ಕಣ್ಣು ತೊಳೀತಾ, ಲೆನ್ಸ್ ತೆಗೆದು, ತೊಳೀತಾನೇ ಆಸ್ಪತ್ರೆಗೆ ಹೊರಡಿ. ಮಾರ್ಚ್ ಹೊತ್ತಿಗೆ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಕೆಲವರಿಗೆ ಕಣ್ಣು ತುಂಬಾ ಕಡೀತದೆ, ನನಗೂ ಉಂಟು. ಉಜ್ಜೋ ಬದಲು ತಣ್ಣನೆ ಬಟ್ಟೆಯನ್ನ ಮುಚ್ಚಿದ ರೆಪ್ಪೆ ಮೇಲೆ ಇಡಿ, ಡಾಕ್ಟರ್ ಬರೆದ ಅಲರ್ಜಿ ಹನಿಯನ್ನ ಲೆನ್ಸ್ ಹಾಕೋ 15 ನಿಮಿಷ ಮೊದಲೇ ಹಾಕ್ಕೊಳ್ಳಿ.

ಮೊದಲ ದಿನವೇ ಬೆಳಿಗ್ಗೆಯಿಂದ ಸಂಜೆ ತನಕ ಹಾಕ್ಬೇಡಿ. ನನಗೆ ಹೇಳಿದ್ದು ಮೊದಲ ದಿನ 3 ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಜಾಸ್ತಿ, ನಿಮ್ಮ ಡಾಕ್ಟರ್ ಹೇಳೋ ಲೆಕ್ಕವೇ ನಿಮಗೆ ಲೆಕ್ಕ. ಹಾಕೋ ಪ್ರಯತ್ನ 20 ನಿಮಿಷ ಮೀರಿದ್ರೆ ಅವತ್ತಿಗೆ ನಿಲ್ಲಿಸಿ, ಕೆಂಪಾದ ಕಣ್ಣಿಗೆ ಮತ್ತೆ ಮತ್ತೆ ಚುಚ್ಚಿದ್ರೆ ಕೈಯೂ ಕಲಿಯಲ್ಲ ಕಣ್ಣೂ ಕೇಳಲ್ಲ. ನನಗೆ ಮನೇಲಿ ಮೊದಲ ಸಲ ಎರಡೂ ಕಣ್ಣಿಗೆ ಸರಿಯಾಗಿ ಕೂತದ್ದು 9ನೇ ದಿನ. ಆ ಹುಡುಗನಿಗೆ ರೆಪ್ಪೆ ಹಿಡಿಯೋದು ಬಂದ್ಮೇಲೆ 5 ದಿನ ಸಾಕಾಯ್ತು, ಈಗ ಕಾಲೇಜ್ ಬಸ್ಸಿಗೆ ಮೊದಲು ತಾನೇ ಹಾಕ್ಕೊಂಡು ಹೋಗ್ತಾನೆ.

ಲೆನ್ಸ್ ಹಾಕ್ಕೊಂಡು ಮಲಗ್ಬೇಡಿ, ಮಧ್ಯಾಹ್ನದ ಜೊಂಪೂ ಬೇಡ. ಕಣ್ಣು ಕೆಂಪಾಗಿ ನೋವು, ಬೆಳಕು ನೋಡೋಕಾಗದೆ ಇರೋದು, ಗೀಜು, ಇದ್ದಕ್ಕಿದ್ದ ಹಾಗೆ ಮಬ್ಬಾಗೋದು ಅಥವಾ ಕರಿಗುಡ್ಡೆ ಮೇಲೆ ಬೆಳ್ಳಗಾಗೋದು, ಇದರಲ್ಲಿ ಯಾವುದು ಕಂಡ್ರೂ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಮೆಡಿಕಲ್ ಶಾಪಿಂದ ಯಾವುದೋ ಹನಿ ತಂದು ಹಾಕಿ ನಾಳೆ ನೋಡೋಣ ಅನ್ಬೇಡಿ. ಲೆನ್ಸನ್ನೂ ಡಬ್ಬವನ್ನೂ ಜೊತೆಗೆ ತಗೊಂಡು ಹೋಗಿ, ಸೋಂಕಿದ್ರೆ ಅದನ್ನೂ ಪರೀಕ್ಷೆ ಮಾಡ್ತಾರೆ.

ಮಾಮೂಲಿ ಚೆಕಪ್‌ಗೆ ಮೈಸೂರಿಗೆ ಹೋಗೋ ದಿನ, ಕಾರ್ನಿಯಾ ಸ್ಕ್ಯಾನ್‌ಗೆ ಲೆನ್ಸ್ ಬಿಟ್ಟು ಬನ್ನಿ ಅಂತ ಹೇಳಿಲ್ಲ ಅಂದ್ರೆ, ಹಾಕ್ಕೊಂಡೇ ಹೋಗಿ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಅಷ್ಟು ಹೊತ್ತಿಗೆ ಲೆನ್ಸ್ ಕಣ್ಣಲ್ಲಿ ಇಳಿದು ಕೂತಿರ್ತದೆ, ಎಲ್ಲಿ ಒತ್ತುತ್ತಾ ಇದೆ ಅಂತ ಡಾಕ್ಟರಿಗೆ ಸರಿಯಾಗಿ ಕಾಣ್ತದೆ. ಬ್ಯಾಗಲ್ಲಿ ಡಬ್ಬ, ಪ್ಲಂಜರ್, ತೆರೆಯದ 2 ವೈಲ್ ಸಲೈನ್, ಹಳೆ ಕನ್ನಡಕ ಇರ್ಲಿ, ಗಾಳಿ ಧೂಳು ಕಣ್ಣಿಗೆ ಹೊಡೀದ ಹಾಗೆ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಬೇರೆಯವರಿಗೆ ಬಿಟ್ಟುಕೊಡಿ.